ಹತ್ತು ಗಂಟೆಗೆ ಮುಚ್ಚುವ ಕದ

ಏಪ್ರಿಲ್ ಕೊನೆಯ ವಾರ ಬಳ್ಳಾರಿ ಸೀಮೆಯ ಕುರುಗೋಡಿನ ಹಳೆ ಓಣಿಗಳಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ಕದ ಮುಚ್ಚುವ ಸದ್ದು ಶುರುವಾಗುತ್ತದೆ. ಮೊದಲು ಮೂಡಲ ದಿಕ್ಕಿನ ಕಿಟಕಿ, ಆಮೇಲೆ ಪಡಸಾಲೆಯ ಕದ. ಚಿಲಕ ಬೀಳುವ ಸದ್ದು ಒಂದು ಮನೆಯಿಂದ ಇನ್ನೊಂದಕ್ಕೆ ದಾಟುತ್ತ ಹೋಗಿ ಹತ್ತೂವರೆಗೆಲ್ಲ ಓಣಿ ಬರಿದಾಗುತ್ತದೆ. ಹೊಸಬರು ಕಂಡರೆ ಊರಿಗೆ ಊರೇ ದೊಡ್ಡಬಸವೇಶ್ವರನ ತೇರಿಗೆ ಹೋಗಿದೆ ಅಂದುಕೊಳ್ಳಬೇಕು. ತೇರು ಎಳೆದು ಬಹಳ ದಿನವಾಗಿದೆ. ಜನ ಎಲ್ಲ ಒಳಗೇ ಇದ್ದಾರೆ, ಅರೆಗತ್ತಲಲ್ಲಿ.

ಒಂದು ಮನೆಯೊಳಗೆ ಹೋಗೋಣ. ಹೊಸ್ತಿಲು ದಾಟುವಾಗ ತಲೆ ಬಗ್ಗಿಸಬೇಕು. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ, ತಂಪು ಮೊದಲು ಗೊತ್ತಾಗುವುದು ಅಂಗಾಲಿಗೆ. ಬೆಳಗಿನ ಜಾವ ಸಗಣಿ ಹಾಕಿ ಸಾರಿಸಿದ ನೆಲ, ಗೋಡೆಯಂಚಿನಲ್ಲಿ ಇನ್ನೂ ಪೂರ್ತಿ ಆರಿಲ್ಲ. ನಿಧಾನಕ್ಕೆ ಒಂದೊಂದೇ ಕಾಣುತ್ತವೆ: ಎಣ್ಣೆಗಪ್ಪಾದ ಕಂಬ, ಅದಕ್ಕೆ ಒರಗಿಸಿದ ಜೋಳದ ಚೀಲ, ಮೂಲೆಯಲ್ಲಿ ಮರಳ ಮೇಲೆ ಕೂತ ಹರವಿ, ಬೆಳಕಿಂಡಿಯಿಂದ ನೆಲದವರೆಗೆ ಇಳಿದ ಒಂದು ಬಿಸಿಲುಕೋಲು, ಅದರಲ್ಲಿ ತೇಲುವ ಧೂಳು. ಹೊಸದಾಗಿ ಬಂದ ಸೊಸೆ ಸೆಕೆ ತಾಳದೆ ಕಿಟಕಿಗೆ ಕೈ ಹಾಕಿದಳು. ಅತ್ತೆ ಮೆಣಸಿನಕಾಯಿ ತುಂಬು ಬಿಡಿಸುತ್ತ ಕೂತಲ್ಲಿಂದಲೇ ಗದರಿದರು:

"ಏ ತಂಗಿ, ಕಿಟಕಿ ತೆಗೀಬ್ಯಾಡ. ಒಳಗಿನ ತಂಪು ಹೋಗತೈತಿ."

"ಒಂಚೂರು ಗಾಳಿ ಬರ್ಲಿ ಅಂತ, ಅತ್ತಿ."

"ಈಗ ಬರೋದು ಝಳನವ್ವಾ, ಗಾಳಿ ಎಲ್ಲೈತಿ? ಹೊತ್ತು ಮುಣುಗಲಿ, ಎಲ್ಲಾ ತೆಗಿ. ಯಾರು ಬ್ಯಾಡಂತಾರ?"

ಅತ್ತೆಯ ಮಾತಿನಲ್ಲಿ ಲೆಕ್ಕ ತಪ್ಪಿಲ್ಲ. ರಾತ್ರಿಯಿಡೀ ಕಿಟಕಿ ತೆರೆದಿಟ್ಟು ಒಳಗೆ ತುಂಬಿಸಿಕೊಂಡ ತಂಪನ್ನು ಹತ್ತು ಗಂಟೆಗೆ ಬೀಗ ಹಾಕಿ ಇಡಬೇಕು. ಹೊರಗಿನ ಗಾಳಿ ಒಳಗಿನ ಗಾಳಿಗಿಂತ ಬಿಸಿಯಾದ ಕ್ಷಣಕ್ಕೆ ಕಿಟಕಿ ಮುಚ್ಚಬೇಕು, ಸಂಜೆ ತಣ್ಣಗಾದ ಕ್ಷಣಕ್ಕೆ ತೆರೆಯಬೇಕು. ಇಷ್ಟೇ ಕೆಲಸ. ಆದರೆ ಗಾಳಿ ಬೆಳಕು ಧಾರಾಳವಾಗಿರಬೇಕೆಂದು ದೊಡ್ಡ ದೊಡ್ಡ ಕಿಟಕಿ ಇಡಿಸಿ, ಮಧ್ಯಾಹ್ನ ಮೂರಕ್ಕೂ ಅವನ್ನು ತೆರೆದೇ ಇಟ್ಟು, ಮನೆ ಕಾದ ಹಂಚಾಗಿದೆ ಎಂದು ಗೊಣಗುವ ನಮ್ಮಂಥವರ ತಲೆಗೆ ಇದು ಇನ್ನೂ ಹತ್ತಿಲ್ಲ.

ಬಳ್ಳಾರಿ ಸೀಮೆಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಜೋಕು ಹಳೆಯದು. ವರ್ಗಾವಣೆಯಾಗಿ ಬಂದ ನೌಕರರು ಅದನ್ನು ಮೊದಲ ವಾರವೇ ಕಲಿಯುತ್ತಾರೆ. ಬಿಸಿಲು ಎಲ್ಲರದೂ ಒಂದೇ ಆದರೂ ಊರೂರಿಗೆ ಅದರ ನಡೆ ಬೇರೆ. ಸಿರುಗುಪ್ಪದ ಕಡೆ ತುಂಗಭದ್ರೆ ಇದೆ, ಭತ್ತದ ಗದ್ದೆಗಳಿವೆ, ಗದ್ದೆಯಲ್ಲಿ ನೀರು ನಿಂತಿರುವಷ್ಟು ದಿನ ಸಂಜೆ ಒಂದಿಷ್ಟು ಹಸಿಗಾಳಿ ಸಿಗುತ್ತದೆ. ಬಳ್ಳಾರಿ ನಗರಕ್ಕೆ ಎರಡು ಬಂಡೆಗುಡ್ಡ, ಡಾಂಬರು, ಲಾರಿ. ಕುರುಗೋಡು ಗುಡ್ಡಗಳ ನಡುವೆ ಕೂತ ಊರು. ಸಿಂದ ಅರಸರು ಇದನ್ನು ರಾಜಧಾನಿ ಮಾಡಿಕೊಂಡದ್ದು ಈ ಗುಡ್ಡಗಳ ಕಾವಲು ನೋಡಿಯೇ ಇರಬೇಕು. ಒಂದರ ಮೇಲೊಂದು ಒಟ್ಟಿದ ಕಣಶಿಲೆಯ ಗುಂಡುಗಳು ಹಗಲೆಲ್ಲ ಬಿಸಿಲು ಕುಡಿಯುತ್ತವೆ, ಹೊತ್ತು ಮುಳುಗಿದ ಮೇಲೆ ಕುಡಿದದ್ದನ್ನು ಕಕ್ಕುತ್ತವೆ. ಏಳು ಗಂಟೆಗೆ ಗುಡ್ಡದ ಬುಡದಲ್ಲಿ ನಡೆದರೆ ಬಂಡೆಯ ಕಡೆಯ ಕೆನ್ನೆ ಬಿಸಿ, ಬಯಲಿನ ಕಡೆಯದು ತಣ್ಣಗೆ. ಅದಕ್ಕೇ ಗುಡ್ಡಕ್ಕೆ ಆನಿಕೊಂಡ ಓಣಿಗಳಲ್ಲಿ ಕಿಟಕಿ ತೆರೆಯುವುದು ಒಂದು ತಾಸು ತಡ.

ಇನ್ನೊಂದು ವಿಷಯ ಮೇಲೆ ನೋಡಿದರೆ ತಿಳಿಯುತ್ತದೆ. ಕುರುಗೋಡು 15 ಡಿಗ್ರಿ ಉತ್ತರ ಅಕ್ಷಾಂಶ ದಾಟಿ ಸ್ವಲ್ಪ ಮೇಲಿದೆ. ಮೇ ತಿಂಗಳ ಮೊದಲ ದಿನಗಳಲ್ಲಿ ಸೂರ್ಯ ಇಲ್ಲಿ ನಡುಹಗಲಿಗೆ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಬಾವಿಕಟ್ಟೆಯ ಕಂಬಕ್ಕೆ ನೆರಳೇ ಇರುವುದಿಲ್ಲ. ತೆಂಕಣ ಗೋಡೆಯ ಮೇಲೆ ಬಿಸಿಲು ಬೀಳುವುದೇ ಅಪರೂಪ. ಮೂಡಲ ಗೋಡೆಗೆ ಬೆಳಿಗ್ಗೆ, ಪಡುವಣದ್ದಕ್ಕೆ ಸಂಜೆ ಒಂದಷ್ಟು ಹೊತ್ತು. ಉಳಿದ ಇಡೀ ದಿನ ಹೊಡೆತ ತಿನ್ನುವುದು ಮನೆಯ ಮೇಲ್ಛಾವಣಿ. ನಡುಹಗಲಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಹೆಚ್ಚು ಕಡಿಮೆ 1,000 ವ್ಯಾಟ್ ಬಿಸಿಲು ಬೀಳುತ್ತದೆ. ಮೂವತ್ತು ನಲವತ್ತರ ಮನೆಯ ಮಾಳಿಗೆ ಎಂದರೆ ನೂರಕ್ಕೂ ಹೆಚ್ಚು ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೆ ಹಚ್ಚಿಟ್ಟಷ್ಟು ಕಾವು. ಬೇಸಿಗೆಯಲ್ಲಿ ಮನೆ ತಂಪಾಗಿಡುವ ಮಾತು ಯಾರೇ ಎತ್ತಲಿ, ಪರದೆ, ಫ್ಯಾನು, ಗಿಡಗಳ ಮಾತಿಗಿಂತ ಮೊದಲು ಏಣಿ ಹತ್ತಿ ಮೇಲೆ ಹೋಗಬೇಕು.

ಹಳಬರು ಅಲ್ಲಿಂದಲೇ ಶುರು ಮಾಡಿದ್ದರು. ಮಾಳಿಗೆ ಮನೆಯ ಮೇಲ್ಮುದ್ದೆ ಕಟ್ಟುವುದನ್ನು ನೋಡಿದವರು ಈಗ ಕಡಿಮೆ, ಬಿಚ್ಚುವುದನ್ನು ನೋಡಿದವರೇ ಹೆಚ್ಚು. ಜೆಸಿಬಿ ಒಂದು ಮನೆಯ ಅರ್ಧ ಕೆಡವಿ ಊಟಕ್ಕೆ ನಿಂತಾಗ ಹೋಗಿ ನೋಡಬೇಕು, ಪದರ ಪದರವಾಗಿ ಎಲ್ಲ ಕಾಣುತ್ತದೆ. ಗೋಡೆ ಎರಡು ಮೂರು ಅಡಿ ದಪ್ಪ, ಕಲ್ಲು ಮತ್ತು ಕೆಸರು. ಅದರ ಮೇಲೂ ಕಂಬಗಳ ಮೇಲೂ ಕೂತ ತೊಲೆ. ತೊಲೆಯ ಮೇಲೆ ಅಡ್ಡಡ್ಡ ಜಂತಿ, ಒಂದರ ಪಕ್ಕ ಒಂದು. ಜಂತಿಯ ಮೇಲೆ ಸಣ್ಣ ಕಟ್ಟಿಗೆಯ ಹಾಸು. ಅದರ ಮೇಲೆ ಬೇವಿನ ಸೊಪ್ಪೋ ಲಕ್ಕಿಸೊಪ್ಪೋ, ಗೆದ್ದಲು ಹತ್ತದಿರಲಿ ಎಂದು. ಸೊಪ್ಪಿನ ಮೇಲೆ ತುಳಿದು ಹದ ಮಾಡಿದ ಕೆಸರು. ಕೆಸರಿನ ಮೇಲೆ ಒಣ ಮಣ್ಣು. ಎಲ್ಲಕ್ಕೂ ಮೇಲೆ ಚೌಳು ಮಣ್ಣು. ಮಳೆಗಾಲಕ್ಕೊಮ್ಮೆ ಹಾಕುತ್ತ ಹಾಕುತ್ತ ಕೆಲವು ಮನೆಗಳಲ್ಲಿ ಮುದ್ದೆ ಒಂದು ಅಡಿಗೂ ಮೀರಿ ಬೆಳೆದಿರುತ್ತದೆ.

ಚೌಳು ಮಣ್ಣಿನ ಬಗ್ಗೆ ಒಂದಿಷ್ಟು ಹೇಳಬೇಕು. ತುಂಗಭದ್ರಾ ಅಣೆಕಟ್ಟಿಗೆ 1953ರಲ್ಲಿ ನೀರು ನಿಂತ ಮೇಲೆ ಈ ಸೀಮೆಯ ಎರೆಹೊಲಗಳಿಗೆ ಕಾಲುವೆ ಬಂತು, ಕಾಲುವೆಯ ಜೊತೆಗೆ ಭತ್ತ ಬಂತು, ತಗ್ಗಿನ ಹೊಲಗಳಿಗೆ ಚೌಳೂ ಬಂತು. ಸೋಡಿಯಂ ಹೆಚ್ಚಾದ ಮಣ್ಣು ನೀರು ಬಿದ್ದೊಡನೆ ಉಬ್ಬಿ, ಕಣಕಣ ಬಿಡಿಸಿಕೊಂಡು ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ನೀರು ಕೆಳಗಿಳಿಯುವುದಿಲ್ಲ, ಬೇರಿಗೆ ಉಸಿರಿಲ್ಲ, ಬೆಳೆ ಬರುವುದಿಲ್ಲ. ಇದಕ್ಕೆ ಮದ್ದು ಹುಡುಕಲು ಗಂಗಾವತಿಯಲ್ಲಿ ಒಂದು ಸಂಶೋಧನಾ ಕೇಂದ್ರವೇ ಇದೆ. ಆದರೆ ಹೊಲದಲ್ಲಿ ರೈತನ ಹೊಟ್ಟೆ ಉರಿಸುವ ಈ ಗುಣವೇ ಮಾಳಿಗೆಗೆ ಬೇಕಾದದ್ದು. ಮೊದಲ ಮಳೆಗೆ ಚೌಳು ಒಂದಿಷ್ಟು ನೆನೆದು ಬಿಗಿದುಕೊಂಡರೆ ಆಮೇಲೆ ಸುರಿದ ನೀರೆಲ್ಲ ಹರನಾಳಿಗೆ ಹಿಡಿದು ಬೀದಿಗೆ ಇಳಿಯುತ್ತದೆ. ಕಾಲುವೆ ಬರುವ ಮುಂಚಿನಿಂದಲೂ ಹಳ್ಳದ ದಂಡೆಗಳಲ್ಲಿ ಬೆಳ್ಳಗೆ ಹೂತ ನೆಲವನ್ನು ಗುರುತಿಟ್ಟುಕೊಂಡು ಮಣ್ಣು ತರುತ್ತಿದ್ದವರಿಗೆ ಸೋಡಿಯಂ ಗೊತ್ತಿರಲಿಲ್ಲ, ಯಾವ ಹಳ್ಳದ ಚೌಳು ಸೋರುವುದಿಲ್ಲ ಎಂಬುದು ಗೊತ್ತಿತ್ತು.

ಈ ಒಂದಡಿ ಮಣ್ಣು ಬೇಸಿಗೆಯಲ್ಲಿ ಮಾಡುವ ಕೆಲಸ ಸಾವಕಾಶದ್ದು. ಬಿಸಿಲು ಮೇಲಿನ ಮೈಯನ್ನು ಕಾಯಿಸುತ್ತದೆ, ಕಾವು ಒಳಕ್ಕೆ ಇಳಿಯತೊಡಗುತ್ತದೆ. ಮಣ್ಣಿನಲ್ಲಿ ಅದರ ನಡಿಗೆ ಬಹಳ ನಿಧಾನ. ಮಧ್ಯಾಹ್ನದ ಉರಿ ಕೆಳಗಿನ ಜಂತಿ ಮುಟ್ಟುವ ಹೊತ್ತಿಗೆ ರಾತ್ರಿಯಾಗಿರುತ್ತದೆ, ಬಹುಪಾಲು ದಾರಿಯಲ್ಲೇ ಕರಗಿರುತ್ತದೆ. ಎರಡಡಿ ಗೋಡೆಗೆ ಹನ್ನೆರಡು ತಾಸಿಗೂ ಹೆಚ್ಚು ಬೇಕು. ಹೀಗಾಗಿ ಮೂರು ಗಂಟೆಯ ಬಿಸಿಲಲ್ಲಿ ಒಳಗೆ ಕೂತವರು ಹಿಂದಿನ ರಾತ್ರಿಯ ತಂಪಿನಲ್ಲೇ ಕೂತಿರುತ್ತಾರೆ.

ಮಾಳಿಗೆ ಮನೆಯನ್ನು ಹೊಗಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನಾನು ಓದಿದ ಎಷ್ಟೋ ಲೇಖನಗಳಲ್ಲಿ ಅದು ಹಗಲೂ ರಾತ್ರಿ ತಂಪಿನ ತವರು. ಹಾಗಿಲ್ಲ. ರಾತ್ರಿ ಎಂಟರ ಮೇಲೆ ಅದೇ ಗೋಡೆ, ಅದೇ ಮುದ್ದೆ ಹಗಲು ಹಿಡಿದಿಟ್ಟ ಕಾವನ್ನು ಒಳಗೆ ಬಿಡತೊಡಗುತ್ತವೆ. ಚಿಕ್ಕ ಕಿಟಕಿ, ತಗ್ಗು ಬಾಗಿಲು, ಒಲೆಯ ಹೊಗೆ ಸೇರಿ ಒಳಗೆ ಉಬ್ಬಸ. ಆ ಮನೆಯಲ್ಲಿ ಬೇಸಿಗೆ ರಾತ್ರಿ ಯಾರೂ ಒಳಗೆ ಮಲಗುತ್ತಿರಲಿಲ್ಲ ಎಂಬುದನ್ನು ಮರೆತುಬಿಡುತ್ತೇವೆ. ಹಗಲಿಗೆ ಒಳಮನೆ, ರಾತ್ರಿಗೆ ಮಾಳಿಗೆ; ಒಂದೇ ಗೋಡೆಯ ಮೇಲೆ ಎರಡು ಮನೆ. ಊಟ ಮುಗಿದ ಮೇಲೆ ಚಾಪೆ, ಕೌದಿ, ದಿಂಬು, ನೀರಿನ ತಂಬಿಗೆ ಹೊತ್ತು ಇಡೀ ಸಂಸಾರ ಏಣಿ ಹತ್ತುತ್ತಿತ್ತು. ಹತ್ತಲಾಗದ ಮುದುಕರಿಗೆ ಅಂಗಳದಲ್ಲಿ ನೀರು ಚಿಮುಕಿಸಿ ಹೊರಸು ಹಾಕುತ್ತಿದ್ದರು. ಮಾಳಿಗೆಯ ಮಣ್ಣು ಆಕಾಶಕ್ಕೆ ತೆರೆದುಕೊಂಡು ಬೇಗ ಆರುತ್ತದೆ, ಮೋಡವಿಲ್ಲದ ಒಣ ರಾತ್ರಿಯಲ್ಲಿ ಇನ್ನೂ ಬೇಗ. ಗಂಡಸರು ಒಂದು ಕಡೆ, ಹೆಂಗಸರು ಮಕ್ಕಳು ಒಂದು ಕಡೆ, ಕುಂಬಿಗೆ ಒರಗಿ ಪಕ್ಕದ ಮನೆಯ ಮಾಳಿಗೆಯವರೊಡನೆ ಮಾತು. ಓಣಿಯ ಎಷ್ಟೋ ವ್ಯಾಜ್ಯ, ಸಂಬಂಧ ಕುದುರಿದ್ದು, ಮುರಿದದ್ದು ಅಲ್ಲೇ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಚಳಿಗೆ ಕೌದಿ ಎಳೆದುಕೊಳ್ಳುವಷ್ಟು ತಂಪು. ಏಪ್ರಿಲ್‌ನಲ್ಲಿ, ಬಳ್ಳಾರಿಯಲ್ಲಿ!

ನೆಲೆ ಬದಲಿಸಿ ಬದುಕುವ ಈ ರೂಢಿ ಇಲ್ಲಿಗೆ ಹೊಸದಲ್ಲ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಅಗೆದಾಗ ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನ ನವಶಿಲಾಯುಗದವರ ಮನೆಗಳ ನೆಲೆ ಸಿಕ್ಕಿತು. ಬಂಡೆಗಳ ನಡುವೆ ಸಮ ಮಾಡಿದ ಜಾಗದಲ್ಲಿ ದುಂಡನೆಯ ಗುಡಿಸಲು, ತಟ್ಟಿಗೆ ಮಣ್ಣು ಮೆತ್ತಿದ ಗೋಡೆ, ಗಟ್ಟಿಸಿದ ನೆಲ. ತೆಳು ಗೋಡೆ ಹಗಲಿಗೆ ಸಾಲದು, ಆದರೆ ಪಕ್ಕದಲ್ಲೇ ಬಂಡೆಯ ಸಂದಿಯ ನೆರಳಿತ್ತು. ಈಗಲೂ ಕುರುಗೋಡಿನ ಗುಡ್ಡದ ಕುರಿಗಾಹಿ ನಡುಹಗಲಲ್ಲಿ ಹುಡುಕುವುದು ಅಂಥದೇ ಸಂದಿಯನ್ನು. ದೊಡ್ಡಬಸವೇಶ್ವರ ಗುಡಿಯಲ್ಲಿ ಏಕಶಿಲೆಯ ಆ ಭಾರೀ ಬಸವಣ್ಣನ ಮುಂದೆ ಮಧ್ಯಾಹ್ನ ಕಾಲು ಚಾಚಿ ಕೂತವರಲ್ಲಿ ಭಕ್ತರೆಷ್ಟು, ತಂಪಿಗೆ ಬಂದವರೆಷ್ಟು ಎಂದು ಕೇಳಬಾರದು.

ಇನ್ನು ಹೊಸ ಬಡಾವಣೆಗೆ ಬರೋಣ. ಇಲ್ಲಿ ಎಲ್ಲ ಸ್ಲ್ಯಾಬು. ನಾಲ್ಕೂವರೆ ಇಂಚು ಕಾಂಕ್ರೀಟು, ಕೆಳಗೆ ಬಿಳಿ ಪುಟ್ಟಿ, ನಡುವೆ ಫ್ಯಾನು. ಕಟ್ಟುವಾಗ ಎಷ್ಟು ಸಂತೋಷ ಕೊಟ್ಟ ಸ್ಲ್ಯಾಬು ಅದು! ಚೇಳು ಬೀಳುವುದಿಲ್ಲ, ಸೋರುವುದಿಲ್ಲ, ಮಣ್ಣು ಉದುರುವುದಿಲ್ಲ, ಮೇಲೆ ಇನ್ನೊಂದು ಮನೆ ಏರಿಸಬಹುದು. ಸ್ಲ್ಯಾಬು ಹಾಕಿದ ದಿನ ಓಣಿಗೆಲ್ಲ ಸಿಹಿ. ಬೇಸಿಗೆ ಮಾತ್ರ ಅದಕ್ಕೆ ಬೇರೆಯೇ ಗಡಿಯಾರ ಕಟ್ಟಿದೆ. ಕಾಂಕ್ರೀಟಿನಲ್ಲಿ ಕಾವು ಮೂರು ತಾಸಿಗೆಲ್ಲ ಈ ಬದಿಯಿಂದ ಆ ಬದಿಗೆ ದಾಟುತ್ತದೆ. ಎರಡು ಗಂಟೆಗೆ ಮೇಲೆ ಬಿದ್ದದ್ದು ಐದಕ್ಕೆ ತಲೆಯ ಮೇಲಿನ ಪುಟ್ಟಿಗೆ ಬಂದಿರುತ್ತದೆ. ಸೂರ್ಯ ಮುಳುಗಿದರೂ ಅದು ಮುಳುಗುವುದಿಲ್ಲ, ರಾತ್ರಿ ಹತ್ತು ಹನ್ನೊಂದರವರೆಗೆ ಕೆಳಗೆ ಮಲಗಿದವರ ಮೈಮೇಲೆ ಸುರಿಯುತ್ತಲೇ ಇರುತ್ತದೆ. ಮಂಚದ ಮೇಲೆ ನಿಂತು ಅಂಗೈ ಎತ್ತಿ ಹಿಡಿದು ನೋಡಿ. ಮುಟ್ಟುವುದೇ ಬೇಡ, ಗೇಣು ದೂರದಿಂದಲೇ ತಿಳಿಯುತ್ತದೆ. ಫ್ಯಾನು ಹಾಕಿದರೆ ಅದು ಮಾಡುವುದು ಮೇಲೆ ಸೇರಿಕೊಂಡ ಬಿಸಿಗಾಳಿಯನ್ನು ಕೆಳಗೆ ತಳ್ಳುವ ಕೆಲಸ. ಬೆವರು ಆರುವವರೆಗೆ ಹಾಯೆನಿಸುತ್ತದೆ ಅಷ್ಟೆ. ಕೋಣೆಯ ಉಷ್ಣತೆ 40 ಡಿಗ್ರಿ ದಾಟಿದರೆ ಫ್ಯಾನು ಮೈಯನ್ನು ಇನ್ನಷ್ಟು ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸಿದೆ.

ಹಾಗಾದರೆ ಮೇಲೆ ಹೋಗಿ ಮಲಗಬಹುದಲ್ಲ? ಮೇಲೆ ಈಗ ನೀರಿನ ಟ್ಯಾಂಕು, ಡಿಶ್ ಬುಟ್ಟಿ, ಉಳಿದ ಕಬ್ಬಿಣದ ಸರಳು, ಸೋಲಾರ್ ಹೀಟರ್. ರಾತ್ರಿ ಒಂಬತ್ತಕ್ಕೂ ಆರದ ಕಾಂಕ್ರೀಟು. ಕಾಲುವೆ, ಭತ್ತ, ಚರಂಡಿ ಸಾಕಿದ ಸೊಳ್ಳೆ. ಟಿವಿ ಕೆಳಗೆ. ಕೆಳಗೆ ಕದ ತೆರೆದಿಟ್ಟು ಮಲಗುವ ಧೈರ್ಯವೂ ಈಗ ಯಾರಿಗಿದೆ? ಮಾಳಿಗೆ ಹೋಯಿತು ಎಂದು ಹಲುಬುತ್ತೇವೆ, ನನಗೆ ಕೇಳಿದರೆ ದೊಡ್ಡ ನಷ್ಟ ಆದದ್ದು ಏಣಿಯದು. ದಿನಕ್ಕೆರಡು ಸಲ ಜಾಗ ಬದಲಿಸುತ್ತಿದ್ದ ಸಂಸಾರ ಈಗ ಇಪ್ಪತ್ನಾಲ್ಕು ತಾಸೂ ಒಂದೇ ಕೋಣೆಯಲ್ಲಿ ತಂಪು ಬೇಕೆಂದು ಕೇಳುತ್ತಿದೆ.

ಸ್ಲ್ಯಾಬಿಗೆ ಅಗ್ಗದ ಉಪಾಯ ಇಲ್ಲದಿಲ್ಲ. ಸುಣ್ಣ. ಮಾರ್ಚ್ ತಿಂಗಳಲ್ಲಿ ಮಾಳಿಗೆ ಗುಡಿಸಿ ತೊಳೆದು, ರಾತ್ರಿ ನೆನೆಹಾಕಿದ ಸುಣ್ಣಕ್ಕೆ ಒಂದಿಷ್ಟು ಉಪ್ಪು, ಒಂದಿಷ್ಟು ಅಂಟು ಬೆರೆಸಿ ಎರಡು ಕೈ ಬಳಿಯಬೇಕು. ಮೊದಲಿನದು ತೆಳ್ಳಗೆ, ಎರಡನೆಯದು ಗಟ್ಟಿ. ಮಾಸಲು ಕಾಂಕ್ರೀಟು ಬಿದ್ದ ಬಿಸಿಲಿನ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ, ಹೊಸ ಸುಣ್ಣ ಬಹುಪಾಲನ್ನು ಬಂದ ದಾರಿಗೇ ತಿರುಗಿಸುತ್ತದೆ. ಬಳಿದ ದಿನ ಮಧ್ಯಾಹ್ನ ಬರಿಗಾಲಲ್ಲಿ ಮೇಲೆ ಹತ್ತಿ: ಬಳಿದ ಕಡೆ ನಿಲ್ಲಬಹುದು, ಬಿಟ್ಟ ಮೂಲೆಯಲ್ಲಿ ಕುಣಿಯಬೇಕಾಗುತ್ತದೆ. ಕಣ್ಣು ಕುಕ್ಕುತ್ತದೆ ಎಂದು ಎದುರಿನ ಎರಡನೇ ಮಹಡಿಯವರು ಜಗಳಕ್ಕೆ ಬರಬಹುದು, ಬರಲಿ. ಗಣಿ ಸೀಮೆಯ ಧೂಳು ಕೂತು ಬಿಳಿ ಕೆಂಪಾಗುತ್ತದೆ, ಮಳೆಗೆ ಅರ್ಧ ತೊಳೆದು ಹೋಗುತ್ತದೆ, ಮುಂದಿನ ಮಾರ್ಚಿಗೆ ಮತ್ತೆ ಕುಂಚ ಹಿಡಿಯಬೇಕು. ಪೇಂಟು ಕಂಪನಿಗಳು ಇದನ್ನೇ ಹೆಚ್ಚು ಬಾಳಿಕೆ ಬರುವಂತೆ ಮಾಡಿ ಕೂಲ್ ರೂಫ್ ಎಂದು ಡಬ್ಬಿಯಲ್ಲಿ ಮಾರುತ್ತಿವೆ. ಪಕ್ಕದ ತೆಲಂಗಾಣ 2023ರಲ್ಲಿ ಕೂಲ್ ರೂಫ್‌ಗೆಂದೇ ಒಂದು ನೀತಿ ತಂದಿತು. 2010ರ ಬಿಸಿಗಾಳಿಗೆ ತತ್ತರಿಸಿದ ಅಹಮದಾಬಾದು 2013ರಲ್ಲಿ ದೇಶದಲ್ಲೇ ಮೊದಲಾಗಿ ಬಿಸಿಲಿನ ಕ್ರಿಯಾಯೋಜನೆ ಮಾಡಿಕೊಂಡು, ಮುಂದೆ ಬಡವರ ಮನೆಯ ಮೇಲ್ಛಾವಣಿಗೆ ಬಿಳಿ ಬಳಿಯುವ ಕೆಲಸಕ್ಕೂ ಕೈಹಾಕಿತು. ಹಬ್ಬಕ್ಕೆ ಗೋಡೆಗೆಲ್ಲ ಸುಣ್ಣ ಹೊಡೆಯುವ ನಮ್ಮ ಊರಿನಲ್ಲಿ ಅದೇ ಬಕೆಟ್ಟು ಹಿಡಿದು ಹತ್ತು ಮೆಟ್ಟಿಲು ಹತ್ತಲು ಯಾಕೋ ಸಂಕೋಚ. ಯಾರಿಗೂ ಕಾಣದ ಕಡೆ ಸುಣ್ಣ ಯಾಕೆ ಎಂಬ ಲೆಕ್ಕವೇ ಇರಬೇಕು.

ಸುಣ್ಣ ಬೇಡದವರು ಕೂಲರ್ ತರುತ್ತಾರೆ. ಏಪ್ರಿಲ್ ಬಂತೆಂದರೆ ಬಳ್ಳಾರಿಯ ಅಂಗಡಿಗಳ ಮುಂದೆ ತಗಡಿನ ಡಬ್ಬಿಗಳ ಸಾಲು, ಮೂರೂ ಬದಿಗೆ ಮರದ ನಾರಿನ ಹುಲ್ಲು ತುಂಬಿದ ಜಾಲರಿ, ಹಿಂದೊಂದು ಪಂಪು, ಮುಂದೊಂದು ಫ್ಯಾನು. ಈ ಯಂತ್ರಕ್ಕೂ ಈ ಊರಿನ ಹವೆಗೂ ಒಳ್ಳೆಯ ಹೊಂದಾಣಿಕೆ. ನೀರು ಆವಿಯಾಗುವಾಗ ಸುತ್ತಲಿನ ಕಾವು ಎಳೆದುಕೊಳ್ಳುತ್ತದೆ, ಲೀಟರಿಗೆ ಸುಮಾರು 2,400 ಕಿಲೋಜೂಲ್. ಗಾಳಿ ಒಣಗಿದ್ದಷ್ಟೂ ಆವಿ ಜೋರು. ಹೊರಗೆ 41 ಡಿಗ್ರಿ, ಗಾಳಿಯ ತೇವ ಶೇ 20 ಇರುವ ದಿನ ಒಳ್ಳೆಯ ಕೂಲರ್ 28 ಡಿಗ್ರಿಯ ಆಸುಪಾಸಿನ ಗಾಳಿ ಬಿಡಬಲ್ಲದು. ಇದೇ ಡಬ್ಬಿಯನ್ನು ಮಂಗಳೂರಿಗೆ ಒಯ್ದರೆ ಬೆವರಿನ ಮೇಲೆ ಇನ್ನಷ್ಟು ಹಸಿ ಸುರಿದು ಬೈಸಿಕೊಳ್ಳುತ್ತದೆ. ಬಳ್ಳಾರಿಯಲ್ಲಿ ಬ್ರಿಟಿಷರ ದಂಡು ಇದ್ದ ಕಾಲದ ದೊರೆಗಳು ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿಸಿ, ಅದಕ್ಕೆ ನೀರೆರಚಲು ಆಳು ಇಟ್ಟಿದ್ದರಲ್ಲ, ಅದರ ಮೊಮ್ಮಗನೇ ಇದು. ಆಳಿನ ಜಾಗಕ್ಕೆ ಪಂಪು ಬಂದಿದೆ.

ಆದರೆ ಕೂಲರಿಗೆ ಎರಡು ಕರಾರಿವೆ. ಒಂದು, ಅದರ ಬೆನ್ನು ಹೊರಗಿನ ಒಣಗಾಳಿಗಿರಬೇಕು, ಎದುರು ದಿಕ್ಕಿನ ಕಿಟಕಿ ಒಂದು ಗೇಣಾದರೂ ತೆರೆದಿರಬೇಕು. ಕೋಣೆಯ ನಡುವೆ ಇಟ್ಟು, ತಂಪು ಹೋದೀತೆಂದು ಎಲ್ಲ ಮುಚ್ಚಿ ಕೂತರೆ ಅರ್ಧ ತಾಸಿಗೆ ಒಳಗಿನ ಗಾಳಿ ತೇವದಿಂದ ತುಂಬಿಹೋಗುತ್ತದೆ, ಆಮೇಲೆ ಗೋಡೆಯ ಮೇಲಿನ ಕ್ಯಾಲೆಂಡರು ಮೆತ್ತಗಾಗುತ್ತದೆ, ಜನ ಜಿಗುಟಾಗುತ್ತಾರೆ. ಕದ ಮುಚ್ಚು ಎನ್ನುವ ಅತ್ತೆಯ ಮಾತು ಇಲ್ಲಿ ಮಾತ್ರ ನಡೆಯದು. ಮೇ ಕೊನೆಗೆ ಮೋಡ ಕವಿದ ದಿನವೂ ಕೂಲರ್ ಕೈಕೊಡುತ್ತದೆ, ಅದಕ್ಕೆ ಬೇಕಾದ ಒಣಹವೆ ಆಗ ಇರುವುದಿಲ್ಲ. ಎರಡನೆಯ ಕರಾರು ನೀರು. ದಿನಕ್ಕೆ ಎರಡು ಮೂರು ಕೊಡ ಕುಡಿಯುವ ಯಂತ್ರ ಅದು. ಕಾಲುವೆ ನಿಂತು, ನಲ್ಲಿ ದಿನ ಬಿಟ್ಟು ದಿನ ಬರುವ ಓಣಿಯಲ್ಲಿ ಆ ಕೊಡ ಹೊರುವವರು ಯಾರು ಎಂದು ನೋಡಿದರೆ ಗೊತ್ತಾಗುತ್ತದೆ, ತಂಪಿನ ಮುಂದೆ ಕೂತವರೇ ಹೊತ್ತವರಾಗಿರುವುದಿಲ್ಲ. ಕರೆಂಟಿನ ವಿಷಯಕ್ಕೆ ಬಂದರೆ ಕೂಲರ್ ಹೆಚ್ಚೆಂದರೆ ಎರಡು ಮೂರು ಫ್ಯಾನಿನಷ್ಟು ತಿನ್ನುತ್ತದೆ, ಒಂದೂವರೆ ಟನ್ನಿನ ಏಸಿ ಇಪ್ಪತ್ತು ಫ್ಯಾನಿನಷ್ಟು. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಪ್ರತಿ ಮನೆಗೂ ಹಿಂದಿನ ಬಳಕೆಯ ಸರಾಸರಿಯ ಮೇಲೊಂದು ಮಿತಿ ಬಿದ್ದಿದೆ, 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲು. ಹೀಗಾಗಿ ಏಪ್ರಿಲ್-ಮೇನಲ್ಲಿ ಜೆಸ್ಕಾಂ ಮೀಟರಿನ ಮುಂದೆ ಟಾರ್ಚು ಹಿಡಿದು ನಿಂತ ಯಜಮಾನರು ಎಲ್ಲ ಓಣಿಯಲ್ಲೂ ಸಿಗುತ್ತಾರೆ.

ಹರವಿಗೆ ಬಿಲ್ಲಿಲ್ಲ. ಕೂಲರ್ ಮಾಡುವುದನ್ನೇ ಅದೂ ಮಾಡುತ್ತದೆ, ಸದ್ದಿಲ್ಲದೆ. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಮೈಗೆ ಜಿನುಗಿ ಆವಿಯಾಗುತ್ತ ಒಳಗಿನದನ್ನು ತಣಿಸುತ್ತದೆ. ಹೋದ ವರ್ಷದ ಹರವಿ ಈ ವರ್ಷ ಅಷ್ಟು ತಂಪು ಕೊಡದಿರುವುದಕ್ಕೆ ಬೋರಿನ ಗಡಸು ನೀರು ಕಾರಣ. ಸುಣ್ಣದಂಶ ಕೂತು ರಂಧ್ರ ಕಟ್ಟುತ್ತದೆ. ಅದಕ್ಕೇ ಕುಂಬಾರರ ಮನೆ ಮುಂದೆ ಯುಗಾದಿಗೆ ಮುಂಚೆಯೇ ಜನ. ಬೆರಳಿನಿಂದ ಬಡಿದು ಸದ್ದು ಕೇಳಿ, ಒದ್ದೆ ನಾಲಗೆ ತಾಗಿಸಿ ಅಂಟುತ್ತದೋ ನೋಡಿ ಕೊಳ್ಳುವವರು ಇನ್ನೂ ಇದ್ದಾರೆ.

ತಗಡಿನ ಮನೆಗಳ ವಿಷಯ ಬೇರೆ. ಅಲ್ಲಿ ಗಡಿಯಾರವೇ ಇಲ್ಲ, ಬಿಸಿಲು ಬಿದ್ದ ಕೂಡಲೇ ಕಾವು ಕೆಳಗೆ. ಮಧ್ಯಾಹ್ನ ಒಳಗಿರುವುದಕ್ಕಿಂತ ಹೊರಗಿನ ಬೇವಿನ ನೆರಳೇ ಮೇಲು. ತಗಡಿನ ಮೇಲೆ ತೆಂಗಿನ ಗರಿ, ಹತ್ತಿಕಟ್ಟಿಗೆ, ಭತ್ತದ ಹುಲ್ಲು ಏನಾದರೂ ಹೊದಿಸುತ್ತಾರೆ, ಬಾಗಿಲಿಗೆ ಒದ್ದೆ ಗೋಣಿತಟ್ಟು ಇಳಿಬಿಡುತ್ತಾರೆ. ಹುಲ್ಲು ಹೊದಿಸಿದ ಮನೆಯಲ್ಲಿ ಕಿಡಿಯ ಭಯ, ಹೊದಿಸದ ಮನೆಯಲ್ಲಿ ಮಗುವಿನ ಮೈತುಂಬ ಬೆವರುಸಾಲೆ. ಬಾಡಿಗೆಗೆ ಇರುವವರಿಗೆ ತಗಡಿಗೆ ಬಿಳಿ ಬಳಿಯಲೂ ಮಾಲೀಕರ ಮರ್ಜಿ ಬೇಕು. ಮನೆ ತಂಪಾಗಿಡುವ ಸಲಹೆಗಳು ಬಹುಪಾಲು ಸ್ವಂತ ಮನೆಯವರಿಗೇ ಬರೆದವು, ಇದೂ ಬಹುಶಃ ಹಾಗೆಯೇ.

ಸರ್ಕಾರಕ್ಕೂ ಈ ಬಿಸಿಲು ಗೊತ್ತು. ಬಳ್ಳಾರಿಯೂ ಸೇರಿದ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಿಗೆ ಕಚೇರಿ ಹೊತ್ತು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಕಟ್ಟಡ ಬದಲಿಸಲಾಗದಿದ್ದರೂ ಗಡಿಯಾರ ಬದಲಿಸಿಕೊಂಡಿದೆ. ಹಾಗೆ ನೋಡಿದರೆ ಹತ್ತು ಗಂಟೆಗೆ ಕದ ಮುಚ್ಚುವ ಅತ್ತೆಯದೂ ಇದೇ ಜಾತಿಯ ಆದೇಶ.

ಮೇ ಎರಡನೇ ವಾರ ದಾಟುತ್ತಿದ್ದಂತೆ ಒಂದೆರಡು ಸಂಜೆ ಗುಡುಗಿ, ನಾಲ್ಕು ಹನಿ ಉದುರಿ, ಊರಿಗೆ ಮಳೆಯ ನೆನಪಾಗುತ್ತದೆ. ಉಳಿದಿರುವ ಕೆಲವೇ ಮಾಳಿಗೆ ಮನೆಗಳ ಮುಂದೆ ಟ್ರ್ಯಾಕ್ಟರು ಚೌಳು ಮಣ್ಣು ಸುರಿದು ಹೋಗುತ್ತದೆ. ಅಂಥದೊಂದು ಮನೆಯ ಮುಂದೆ ಅರವತ್ತು ದಾಟಿದ ಯಜಮಾನರೊಬ್ಬರು ಪುಟ್ಟಿ ಹೊತ್ತು ಏಣಿ ಹತ್ತುತ್ತಿದ್ದರು. ಒಂದು ಪುಟ್ಟಿ ಸುರಿದು ಇಳಿದವರು ಕಟ್ಟೆಯ ಮೇಲೆ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಇದ ಕೊನೀ ವರ್ಷ ನೋಡ್ರಿ ಸಾರ್. ಮುಂದಿನ ಸುಗ್ಗಿಗೆ ಸ್ಲ್ಯಾಬ್ ಹಾಕಸ್ತೀವಿ."

"ತಂಪು ಹೋಗತೈತಲ್ರಿ ಯಜಮಾನ್ರ?"

"ತಂಪು ಎರಡು ತಿಂಗಳದ್ದು. ಸೋರೋದು ನಾಕು ತಿಂಗಳದ್ದು. ಹುಡುಗ್ರು ಬೆಂಗಳೂರಾಗ ಅದಾರ, ನನ್ನ ಮೊಣಕಾಲಿಗೆ ಈ ಏಣಿ ಎಷ್ಟು ದಿನ?"

ಒಳಗಿನಿಂದ ಅವರ ಹೆಂಡತಿ ಮಜ್ಜಿಗೆ ತಂದು ಇಬ್ಬರಿಗೂ ಕೊಟ್ಟು, ಮಾತಿಗೆ ತಾವೂ ಸೇರಿದರು. ಮುಂದಿನ ಎರಡು ಅಂಕಣಕ್ಕೆ ಸ್ಲ್ಯಾಬು ಬೇಕಾದರೆ ಹಾಕಿಸಲಿ, ಬೀಗರು ಬಂದರೆ ಕೂರಿಸಲು ಒಂದು ಜಾಗ ಬೇಕು, ನಡುಮನೆ ಮುಟ್ಟುವ ಹಾಗಿಲ್ಲ ಎಂದರು. ಹಳೆ ಗೋಡೆಗೆ ಹೊಸ ಸ್ಲ್ಯಾಬು ಸೇರುವಲ್ಲಿ ಮಳೆಗಾಲಕ್ಕೆ ಸೋರೇ ಸೋರುತ್ತದೆ ಅಂತ ಮೇಸ್ತ್ರಿ ಹೇಳಿದ್ದಾನೆ ಎಂದು ಯಜಮಾನರು ತಕರಾರು ತೆಗೆದರು. ಊರಲ್ಲಿ ಹೀಗೆ ಮುಂದೆ ಸ್ಲ್ಯಾಬು ಹಿಂದೆ ಮಾಳಿಗೆ ಇರುವ ಮನೆಗಳು ಬೇಕಾದಷ್ಟಿವೆ, ಸಂದಿಗೆ ತಗಡು ಹೊಡೆದು ಜನ ಸುಧಾರಿಸಿಕೊಂಡಿದ್ದಾರೆ. ಆಕೆ ಖಾಲಿ ಲೋಟ ಎತ್ತಿಕೊಳ್ಳುತ್ತ ಅಂದರು:

"ಸೋರಿದ್ರ ಕೆಳಗ ಬಕೀಟ ಇಡತೀನಿ. ಮೂರು ಗಂಟಿ ಬಿಸ್ಲಾಗ ನಾನು ಎಲ್ಲಿ ಮಕ್ಕೋಬೇಕು, ಆ ಮೇಸ್ತ್ರಿಗೆ ಕೇಳಿದ್ರೇನು?"

ಯಜಮಾನರು ಉತ್ತರ ಕೊಡದೆ ಪುಟ್ಟಿ ಎತ್ತಿದರು. ಇನ್ನೂ ಅರ್ಧ ಟ್ರ್ಯಾಕ್ಟರು ಮಣ್ಣು ಬಾಕಿಯಿತ್ತು.